ಕಪ್ಪು ಗೆರೆಯ ಹಾಳೆಗಳು

"ಪೆನ್ನು ಕೆಳಗಿಡಿ," ಎಂದರು ಭೂತಗನ್ನಡಿ ಮೇಡಂ.

ರಸಾಯನಶಾಸ್ತ್ರದ ಪ್ರಯೋಗಾಲಯದ ಎತ್ತರದ ಸ್ಟೂಲುಗಳ ಮೇಲೆ ಕೂತಿದ್ದ ಒಂಬತ್ತು ವಿದ್ಯಾರ್ಥಿಗಳು ಒಟ್ಟಿಗೇ ಪೆನ್ನು ಕೆಳಗಿಟ್ಟರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಎರಡೆರಡು ಸಿಂಕು. ಪಕ್ಕದವರ ಹಾಳೆ ಇಣುಕಬೇಕೆಂದರೆ ಜಿರಾಫೆಯ ಕತ್ತೇ ಬೇಕಿತ್ತು.

ಪ್ರಶ್ನೆಪತ್ರಿಕೆಯನ್ನು ಮೇಡಂ ಅಂದು ಬೆಳಿಗ್ಗೆ ತಮ್ಮ ಮನೆಯ ಊಟದ ಮೇಜಿನ ಮೇಲೆ ಕೂತು ಕೈಯಾರೆ ಬರೆದಿದ್ದರು. ಒಂಬತ್ತು ಪ್ರತಿಯನ್ನೂ ಕೈಯಲ್ಲೇ ಬರೆದು, ಚೀಲದಲ್ಲಿಟ್ಟು, ಚೀಲವನ್ನು ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದರು. ಪ್ರಶ್ನೆ ಸೋರಲು ಸೂಜಿಮೊನೆಯಷ್ಟೂ ಸಂದು ಉಳಿಸಿರಲಿಲ್ಲ.

ಮೂವತ್ತು ಅಂಕದ ಆಸುಪಾಸಿನಲ್ಲಿ ಹೊರಳಾಡುತ್ತಿದ್ದ ಈ ಒಂಬತ್ತು ಮಂದಿ ಎರಡೇ ತಿಂಗಳಲ್ಲಿ ಗಣಿತದಲ್ಲಿ ಎಪ್ಪತ್ತು ದಾಟಿದ್ದು ಹೇಗೆ ಎಂದು ಪತ್ತೆಮಾಡಲು ಶಾಲೆಯ ಆಡಳಿತ ಮಂಡಳಿ ಮೇಡಂ ಅವರನ್ನು ಕರೆಸಿಕೊಂಡು ಇಂದಿಗೆ ಐದು ದಿನ. ಸಂಜೆ ನಾಲ್ಕಕ್ಕೆ ಮಂಡಳಿಯ ಸಭೆ. ಒಂಬತ್ತು ಮಂದಿಯನ್ನೂ ಶಾಲೆಯಿಂದ ತೆಗೆಯುವ ಪತ್ರ ಪ್ರಿನ್ಸಿಪಾಲರ ಮೇಜಿನ ಮೇಲೆ ಟೈಪಾಗಿ ಕೂತಿತ್ತು. ತಾರೀಕು ಹಾಕುವುದೊಂದೇ ಬಾಕಿ.

ಮೇಡಂ ಹಾಳೆಗಳನ್ನು ತೆಗೆದುಕೊಂಡು ಮೂಲೆಯ ಮೇಜಿಗೆ ಹೋದರು. ಸೆರಗಿನ ತುದಿಯಿಂದ ಭೂತಗನ್ನಡಿ ಒರೆಸಿ, ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಇಪ್ಪತ್ತು ವರ್ಷ ಗಣಿತ ಕಲಿಸಿ, ಆಮೇಲೆ ಪರೀಕ್ಷಾ ಮಂಡಳಿಯ ಜಾಗೃತ ದಳದಲ್ಲಿ ಹತ್ತು ವರ್ಷ ನಕಲು ಹಿಡಿದ ಕೈ ಅದು. ಅಂಗೈಯಲ್ಲಿ ಬರೆದವರನ್ನು, ರಬ್ಬರಿನೊಳಗೆ ಚೀಟಿ ಅಡಗಿಸಿದವರನ್ನು ಅವರು ಹಿಡಿದಿದ್ದರು. ಒಮ್ಮೆ ನೀರಿನ ಬಾಟಲಿಯ ಲೇಬಲ್ಲಿನ ಒಳಮೈಯಲ್ಲಿ ಸೂತ್ರ ಬರೆದಿದ್ದವನನ್ನು ಅವನು ನೀರು ಕುಡಿದ ರೀತಿಯಿಂದಲೇ ಹಿಡಿದಿದ್ದರು.

ಪಕ್ಕದಲ್ಲಿ ಗಣಿತದ ಮೇಷ್ಟ್ರು ಉಗುರು ಕಚ್ಚುತ್ತ ನಿಂತಿದ್ದ. ನಿನ್ನೆಯವರೆಗೆ ಮೇಡಂಗೆ ಅವನ ಮೇಲೇ ಅನುಮಾನ. ಮಕ್ಕಳ ಅಂಕ ಏರಿದರೆ ಅವನ ಕೆಲಸ ಕಾಯಂ ಆಗುತ್ತಿತ್ತು.

ಮೊದಲ ಹಾಳೆ ಎಪ್ಪತ್ತಾರು. ಎರಡನೆಯದು ಅರವತ್ತೆಂಟು. ಮೂರನೆಯದು ಎಂಬತ್ತೊಂದು.

ಒಂಬತ್ತೂ ಮುಗಿದಾಗ ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಅರವತ್ತೆಂಟಕ್ಕಿಂತ ಕಡಿಮೆ ಬಂದವರು ಒಬ್ಬರೂ ಇರಲಿಲ್ಲ.

"ಮೇಷ್ಟ್ರೇ, ಇವರು ಕಳ್ಳರಲ್ಲ," ಎಂದರು ಮೆಲ್ಲಗೆ. "ಇವರಿಗೆ ಲೆಕ್ಕ ಬರುತ್ತೆ."

ಮೇಷ್ಟ್ರು ಬೆರಳು ಬಾಯಿಂದ ತೆಗೆದ. "ನನ್ನ ಪಾಠದಿಂದಲೇ ಅಂತ ಹೇಳೋಕೆ ಆಸೆ ಇದೆ ಮೇಡಂ. ಆದರೆ ಸುಳ್ಳು ಹೇಳೋಕೆ ಬಾಯಿ ಬರ್ತಿಲ್ಲ. ಇದನ್ನ ನಾನು ಕಲಿಸಿಲ್ಲ."

"ಹೇಗೆ ಹೇಳ್ತೀಯಾ?"

"ಇಲ್ಲಿ ನೋಡಿ."

ಅವನು ತೋರಿಸಿದ್ದನ್ನು ಮೇಡಂ ಆಗಲೇ ಗಮನಿಸಿದ್ದರು. ಒಂಬತ್ತು ಹಾಳೆಗಳಲ್ಲೂ ತಪ್ಪಾದ ಸಾಲನ್ನು ಗೀಚಿ ಮಸಿಮಾಡಿರಲಿಲ್ಲ. ಒಂದೇ ಒಂದು ತೆಳು ಗೆರೆ ಎಳೆದು, ಪಕ್ಕದಲ್ಲಿ ಸಣ್ಣಗೆ 'ಇಲ್ಲಿ ಜಾರಿದೆ' ಎಂದು ಬರೆದು, ಕೆಳಗೆ ಲೆಕ್ಕ ಮುಂದುವರಿಸಿದ್ದರು. ಉತ್ತರ ಬಂದ ಮೇಲೆ ಅದನ್ನು ತಿರುಗಿ ಸಮೀಕರಣಕ್ಕೆ ಹಾಕಿ, ಎಡಬಲ ಸರಿಹೋಯಿತೇ ಎಂದು ನೋಡಿದ್ದರು.

"ತಪ್ಪಾದರೆ ಪುಟ ಹರಿದು ಹೊಸದಾಗಿ ಬರಿ ಅನ್ನೋನು ನಾನು," ಎಂದ ಮೇಷ್ಟ್ರು. ಅವನ ಕಿವಿ ಕೆಂಪಾಗಿತ್ತು. "ಯಾರೇ ಆಗಿರಲಿ ಮೇಡಂ, ನಾನು ಅವರಿಗೆ ಋಣಿ. ನನ್ನ ಕೈಲಿ ಆಗದ್ದನ್ನ ಮಾಡಿದ್ದಾರೆ."

ಮೇಡಂ ಅವನ ಮುಖವನ್ನೇ ನೋಡಿದರು. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಳ್ಳುವವರನ್ನು ಅವರು ಸಾಕಷ್ಟು ಕಂಡಿದ್ದರು. ಇವನು ಹೆಗಲು ಮುಟ್ಟಿಕೊಳ್ಳುವ ಪೈಕಿಯವನಲ್ಲ. ಮನಸ್ಸಿನ ಪಟ್ಟಿಯಿಂದ ಅವನನ್ನು ತೆಗೆದುಹಾಕಿದರು.

ಸ್ಟೂಲುಗಳ ಕಡೆಗೆ ತಿರುಗಿದರು. "ಯಾರು ಹೇಳಿಕೊಟ್ಟಿದ್ದು?"

ಒಂಬತ್ತು ಮಂದಿಯೂ ತಮ್ಮ ಪಕ್ಕದ ಸಿಂಕುಗಳನ್ನೇ ನೋಡಿದರು. ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು.

"ಪಾಠ ಹೇಳಿಸಿಕೊಳ್ಳೋದು ಅಪರಾಧ ಅಲ್ಲ. ಹೆಸರು ಹೇಳಿದರೆ ಈಗಲೇ ಎಲ್ಲ ಮುಗಿಯುತ್ತೆ."

ಮೊದಲ ಸಾಲಿನಲ್ಲಿದ್ದ ಉದ್ದ ಜಡೆಯ ಹುಡುಗಿ ಎದ್ದು ನಿಂತಳು. ಈ ಐದು ದಿನ ಎಲ್ಲರ ಪರವಾಗಿ ಮಾತಾಡುತ್ತ ಬಂದವಳು ಅವಳೇ.

"ಹೆಸರು ಹೇಳಿದರೆ ಅವರ ಕೆಲಸ ಹೋಗುತ್ತೆ ಮೇಡಂ. ನಾವು ಮಾತಾಡಿಕೊಂಡಿದ್ದೀವಿ." ಅವಳು ಮೇಜಿನ ಮೇಲಿದ್ದ ಹಾಳೆಗಳತ್ತ ಕೈ ತೋರಿದಳು. "ಬೇಕಾದರೆ ನಮ್ಮ ಅಂಕ ವಾಪಸ್ ತಗೊಳ್ಳಿ. ಎಲ್ಲರಿಗೂ ಸೊನ್ನೆ ಹಾಕಿ. ಲೆಕ್ಕ ಬರುತ್ತಲ್ಲ, ಅದನ್ನ ಯಾರೂ ತಗೊಳ್ಳೋಕಾಗಲ್ಲ. ನಮಗೆ ಅಷ್ಟು ಸಾಕು."

ಉಳಿದ ಎಂಟು ತಲೆಗಳೂ ಹೌದೆಂದು ಆಡಿದವು.

ಮೇಡಂ ಕೆಂಪು ಪೆನ್ನನ್ನು ಚೀಲಕ್ಕೆ ಹಾಕಿದರು. ಇಷ್ಟು ವರ್ಷದಲ್ಲಿ ಅಂಕಕ್ಕಾಗಿ ಕಾಲಿಗೆ ಬಿದ್ದವರು, ಅತ್ತವರು, ಬೆದರಿಸಿದವರು ಎಲ್ಲರನ್ನೂ ಕಂಡಿದ್ದರು. ತಾವಾಗಿ ಅಂಕ ಹಿಂದಿರುಗಿಸಲು ಬಂದವರು ಇವರೇ ಮೊದಲು.

"ಕೂತ್ಕೋ," ಎಂದರು. "ನೀವು ಮನೇಲಿ ಅಭ್ಯಾಸ ಮಾಡಿದ ಹಾಳೆಗಳನ್ನಾದರೂ ತೋರಿಸ್ತೀರಾ? ಹೆಸರು ಕೇಳಲ್ಲ."

ಹುಡುಗಿ ಹಿಂದೆ ಮುಂದೆ ನೋಡಿದಳು. ಅದರಲ್ಲಿ ಹೆಸರೇನೂ ಇಲ್ಲವೆಂದು ಧೈರ್ಯ ಮಾಡಿ ಬ್ಯಾಗಿನಿಂದ ದಪ್ಪ ಕಟ್ಟೊಂದನ್ನು ತೆಗೆದುಕೊಟ್ಟಳು.

ಎಲ್ಲವೂ ರದ್ದಿ ಹಾಳೆಗಳು. ಒಂದು ಮಗ್ಗುಲಿನಲ್ಲಿ ವಕ್ರವಾಗಿ ಅಚ್ಚಾದ ಯಾವುದೋ ಸುತ್ತೋಲೆ, ಅರ್ಧ ಮಾಸಿದ ವೇಳಾಪಟ್ಟಿ. ಇನ್ನೊಂದು ಮಗ್ಗುಲಿನಲ್ಲಿ ಲೆಕ್ಕ. ಪ್ರತಿ ಹಾಳೆಯ ಮೂಲೆಯಲ್ಲೂ ತಾರೀಕು. ಮೇಡಂ ಒಂದೊಂದೇ ಮಗುಚಿದರು. ಭೂತಗನ್ನಡಿ ಹಿಡಿದರು. ಇನ್ನೊಂದು ಹಾಳೆ, ಮತ್ತೊಂದು ಹಾಳೆ.

ಅಚ್ಚಾದ ಮಗ್ಗುಲಿನಲ್ಲಿ, ಬಲ ಅಂಚಿನಿಂದ ಎರಡು ಬೆರಳು ಒಳಗೆ, ಮೇಲಿನಿಂದ ಕೆಳಗಿನವರೆಗೆ ಕೂದಲೆಳೆಯಂಥ ಕಪ್ಪು ಗೆರೆ. ಎಲ್ಲ ಹಾಳೆಯಲ್ಲೂ, ಅದೇ ಜಾಗದಲ್ಲಿ.

ಅವರು ತಮ್ಮ ಕಡತದಿಂದ ಶಾಲೆಯ ಮಾಪನ ಪಟ್ಟಿಯನ್ನು ಎಳೆದರು. ಪ್ರತಿ ತಿಂಗಳು ಪರೀಕ್ಷೆಯಾದ ಮೇಲೆ, ಮೊದಲನೆಯವರಿಂದ ಇನ್ನೂರ ಹನ್ನೆರಡನೆಯವರವರೆಗೆ ಕಾರಿಡಾರಿನ ಗೋಡೆಗೆ ಅಂಟಿಸುವ ಪಟ್ಟಿ ಅದು. ಎರಡು ತಿಂಗಳ ಹಿಂದಿನ ಆ ಪಟ್ಟಿಯಲ್ಲಿ ಕೊನೆಗಿದ್ದ ಇದೇ ಒಂಬತ್ತು ಮಂದಿಯ ಹೆಸರುಗಳ ಮೇಲುಗಡೆ ಕೆಂಪು ಗೀಟು. ಅದರ ಕೆಳಗಿನವರು ಶಾಲೆಯ ಸರಾಸರಿ ಕೆಡಿಸುತ್ತಾರೆಂದು ಅವರಿಗೆ ಕಾಲೇಜು ಪ್ರವೇಶ ಪರೀಕ್ಷೆಯ ಅರ್ಜಿಯನ್ನೇ ಕೊಡುತ್ತಿರಲಿಲ್ಲ.

ಆ ಪಟ್ಟಿಯ ಮೇಲೂ ಬಲ ಅಂಚಿನಿಂದ ಎರಡು ಬೆರಳು ಒಳಗೆ ಅದೇ ಗೆರೆ.

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಎಂದುಕೊಂಡು ಮೇಡಂ ಎದ್ದರು.

*

ಜೆರಾಕ್ಸ್ ಕೋಣೆ ಮೆಟ್ಟಿಲಿನ ಕೆಳಗಿತ್ತು. ಮೊದಲು ಅದು ಪೊರಕೆ, ಬಕೆಟ್ಟು ಇಡುವ ಜಾಗವಾಗಿತ್ತೋ ಏನೋ. ಸೂರು ಓರೆಯಾಗಿ ಇಳಿದು, ಒಳಹೋಗುವವರು ತಲೆ ತಗ್ಗಿಸಲೇಬೇಕಿತ್ತು. ಯಂತ್ರದ ಬಿಸಿಗಾಳಿ, ಮಸಿಪುಡಿಯ ವಾಸನೆ. ಊಟದ ಬಿಡುವು. ಜೆರಾಕ್ಸ್ ಅಕ್ಕ ಡಬ್ಬಿ ಮುಚ್ಚಿ ಕೈ ಒರೆಸಿಕೊಳ್ಳುತ್ತಿದ್ದಳು. ಇಪ್ಪತ್ತೆಂಟರ ಹೆಣ್ಣುಮಗಳು. ಶಾಲೆಯ ದೊಡ್ಡವರು ಚಿಕ್ಕವರು ಎಲ್ಲರಿಗೂ ಅವಳು ಅಕ್ಕನೇ. ಬೆರಳ ತುದಿಗಳು ಕಾಯಂ ಕಪ್ಪು.

ಮೇಡಂ ರದ್ದಿ ಹಾಳೆಯೊಂದನ್ನು ಯಂತ್ರದ ಗಾಜಿನ ಮೇಲಿಟ್ಟರು.

"ನಿನ್ನ ಯಂತ್ರದ ಡ್ರಮ್ಮಿಗೆ ಗೀರು ಬಿದ್ದಿದೆ. ಎಲ್ಲ ಕಾಪಿಯಲ್ಲೂ ಈ ಕಪ್ಪು ಗೆರೆ."

"ಎರಡು ವರ್ಷದಿಂದ ಹೇಳ್ತಾ ಇದ್ದೀನಿ, ಬದಲಾಯಿಸ್ತಿಲ್ಲ," ಎಂದಳು ಜೆರಾಕ್ಸ್ ಅಕ್ಕ. ಆಮೇಲೆ ಹಾಳೆಯ ಹಿಂದಿನ ಲೆಕ್ಕ ಕಂಡಳು. ಮುಖ ಸುಣ್ಣದ ಹಾಗೆ ಬಿಳಿಚಿತು. "ಮಕ್ಕಳು ಹೇಳಿದ್ರಾ?"

"ಬಾಯಿ ಬಿಟ್ಟಿಲ್ಲ. ಸೊನ್ನೆ ಹಾಕಿ ಅಂತ ಕೂತಿದ್ದಾರೆ."

ಅವಳು ಕಣ್ಣು ಮುಚ್ಚಿಕೊಂಡಳು.

"ಒಂದು ಪ್ರಶ್ನೆ ಕೇಳ್ತೀನಿ," ಎಂದರು ಮೇಡಂ. "ನೇರವಾಗಿ ಉತ್ತರ ಕೊಡು. ಅಡ್ಡಗೋಡೆ ಮೇಲೆ ದೀಪ ಇಡಬೇಡ. ಶಾಲೆಯ ಎಲ್ಲ ಪ್ರಶ್ನೆಪತ್ರಿಕೆ ಕಾಪಿ ಆಗೋದು ಇಲ್ಲೇ. ನೀನು ನೋಡ್ತೀಯಾ?"

"ನೋಡ್ತೀನಿ ಮೇಡಂ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಾಪಿ ತೆಗೆಯೋಕಾಗುತ್ತಾ? ಅದಕ್ಕೇ ಪತ್ರಿಕೆ ನನ್ನ ಕೈಗೆ ಬಂದ ದಿನವೇ ಪಾಠ ನಿಲ್ಲಿಸ್ತೀನಿ. ಪರೀಕ್ಷೆ ಮುಗಿಯೋವರೆಗೂ ಒಬ್ಬರನ್ನೂ ಈ ಬಾಗಿಲಿಗೆ ಸೇರಿಸಲ್ಲ. ಗೊತ್ತಿಲ್ಲದೇನೇ ಬಾಯಿ ಜಾರಿದರೆ?"

ಮೇಡಂ ಹಾಳೆಗಳನ್ನು ತಾರೀಕಿನ ಪ್ರಕಾರ ಗಾಜಿನ ಮೇಲೆ ಜೋಡಿಸತೊಡಗಿದರು. ಎರಡು ತಿಂಗಳ ಹಾಳೆಗಳು, ದಿನಕ್ಕೆ ಮೂರೋ ನಾಲ್ಕೋ. ಎರಡು ಕಡೆ ಖಾಲಿ. ಮೊದಲ ತಿಂಗಳು ಎಂಟು ದಿನ, ಎರಡನೇ ತಿಂಗಳು ಒಂಬತ್ತು ದಿನ. ಪ್ರತಿ ಸಲವೂ ಮಾಪನ ಪರೀಕ್ಷೆಯ ಮುಂಚಿನ ದಿನಗಳೇ. ಕಾಪಿ ಕೋಣೆಯ ದಾಖಲೆ ಪುಸ್ತಕ ತೆಗೆದು, ಪ್ರಶ್ನೆಪತ್ರಿಕೆ ಬಂದ ತಾರೀಕು ನೋಡಿದರು. ಹಾಳೆಗಳು ನಿಂತ ದಿನವೂ ಅದೇ.

ಅವರು ಭೂತಗನ್ನಡಿಯನ್ನು ಮಡಚಿ ಚೀಲಕ್ಕೆ ಹಾಕಿದರು.

"ಮೂವತ್ತು ವರ್ಷದಲ್ಲಿ ಇದೇ ಮೊದಲ ಸಲ," ಎಂದರು. "ಕಳ್ಳನನ್ನ ಹುಡುಕಿಕೊಂಡು ಹೋಗಿ ಮೇಷ್ಟ್ರನ್ನ ಹಿಡಿದಿದ್ದೀನಿ. ನಿನಗೆ ಥ್ಯಾಂಕ್ಸ್ ಕಣಮ್ಮ."

ಜೆರಾಕ್ಸ್ ಅಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಪಕ್ಕದ ಸ್ಟೂಲಿನ ಮೇಲಿದ್ದ ಕಾಗದದ ರೀಮು ಎತ್ತಿ ಕೆಳಗಿಟ್ಟು, ಕೂರಿ ಎಂದಳು.

"ಹೇಗೆ ಶುರುವಾಯ್ತು ಇದು?"

"ಆ ಉದ್ದ ಜಡೆ ಹುಡುಗಿ ಬಂದಿದ್ದಳು. ಅವಳ ಉತ್ತರಪತ್ರಿಕೆ ಒಂದು ಕಾಪಿ ಬೇಕು, ಎಲ್ಲಿ ತಪ್ಪಾಯ್ತು ಅಂತ ನೋಡಬೇಕು ಅಂದಳು. ಇಲ್ಲಿ ಪತ್ರಿಕೆ ವಾಪಸ್ ಕೊಡಲ್ಲ ಮೇಡಂ, ಅಂಕ ಮಾತ್ರ. ಮಕ್ಕಳಿಗೆ ಎಷ್ಟು ಜ್ವರ ಇದೆ ಅಂತ ಗೋಡೆ ಮೇಲೆ ಬರೆದು ಹಾಕ್ತಾರೆ, ಔಷಧಿ ಯಾರೂ ಕೊಡಲ್ಲ. ಆ ಪಟ್ಟಿ ಕಾಪಿ ತೆಗೆಯೋಳು ನಾನೇ. ಕೆಂಪು ಗೀಟು ಎಳೆಯೋಕೆ ಮುಂಚೆನೇ ಅದು ಎಲ್ಲಿ ಬೀಳುತ್ತೆ ಅಂತ ಗೊತ್ತಾಗುತ್ತೆ." ಅವಳು ಬೆರಳುಗಳನ್ನು ಸೀರೆಗೆ ಒರೆಸಿಕೊಂಡಳು, ಮಸಿ ಹೋಗಲಿಲ್ಲ. "ಕೂತ್ಕೋ, ನೋಡೋಣ ಅಂದೆ. ಮಾರನೇ ದಿನ ಮೂವರು ಬಂದರು. ವಾರದಲ್ಲಿ ಒಂಬತ್ತು ಜನ."

"ಇಲ್ಲಿ ಒಂಬತ್ತು ಜನ ಹೇಗೆ ಹಿಡಿಸ್ತಾರೆ?"

"ನಾಲ್ಕು ಜನ ಮೆಟ್ಟಿಲ ಮೇಲೆ."

ಮೇಡಂ ಜೋರಾಗಿ ನಕ್ಕುಬಿಟ್ಟರು. ನಗು ಇಳಿದ ಮೇಲೆ ಕೇಳಿದರು, "ನೀನು ಎಲ್ಲಿ ಓದಿದ್ದು?"

"ಇಲ್ಲೇ. ಕೊನೇ ವರ್ಷದ ಮಂಡಳಿ ಪರೀಕ್ಷೇಲಿ ಗಣಿತ ಫೇಲು. ಇಪ್ಪತ್ತೊಂಬತ್ತು."

"ಸುಳ್ಳು."

"ನಿಜ ಮೇಡಂ. ಹನ್ನೊಂದು ವರ್ಷದ ಹಿಂದೆ. ತೊಂಬತ್ತರ ಮೇಲೆ ಬರುತ್ತೆ ಅಂತ ನಂಬಿದ್ದೆ. ಬರೆದಿದ್ದೆಲ್ಲ ಜಾರಿರಬೇಕು ಅಂದುಕೊಂಡು, ಎಲ್ಲಿ ಜಾರಿದೆ ಅಂತ ನೋಡೋಕೆ ಪತ್ರಿಕೆಯ ನಕಲು ಬೇಕು ಅಂತ ಪರೀಕ್ಷಾ ಮಂಡಳಿಗೆ ಅರ್ಜಿ ಹಾಕಿದೆ. ಅದು ಬರೋ ಹೊತ್ತಿಗೆ ಒಂದು ವರ್ಷ ಆಗಿತ್ತು. ಅಮ್ಮ ಹಾಸಿಗೆ ಹಿಡಿದಿದ್ದಳು, ಲಕೋಟೆನ ಎಲ್ಲೋ ಇಟ್ಟು ಮರೆತುಬಿಟ್ಟಳು. ಆಗ ಪ್ರಿನ್ಸಿಪಾಲ್ ಸಾರ್ ದೇವರ ಹಾಗೆ ಬಂದರು."

"ಮನೆಗೆ ಬಂದರಾ?"

"ಅವರಾಗೇ! ಆ ಪತ್ರಿಕೆ ಬಂತಾ, ಇದ್ದರೆ ಕೊಡಮ್ಮ, ನಾನು ವಿಚಾರಿಸ್ತೀನಿ ಅಂದರು. ಹುಡುಕಿದ್ವಿ, ಸಿಗಲಿಲ್ಲ. ಹೋಗಲಿ ಬಿಡು, ನಾಳೆಯಿಂದ ಶಾಲೆಗೆ ಬಾ, ಕೆಲಸ ಇದೆ ಅಂದರು. ಹತ್ತು ವರ್ಷ ನಮ್ಮ ಮನೆ ಒಲೆ ಉರಿದಿದ್ದು ಅವರಿಂದ. ಈ ಜನ್ಮದಲ್ಲಿ ಆ ಋಣ ತೀರಲ್ಲ."

ಆ ಮಾತಿನಲ್ಲಿ ನಾಟಕ ಇರಲಿಲ್ಲ. ಆದರೂ ಮೇಡಂಗೆ ಎಲ್ಲೋ ಒಂದು ಮುಳ್ಳು ಚುಚ್ಚಿತು. ಫೇಲಾದ ಹುಡುಗಿಯೊಬ್ಬಳ ಮನೆ ಹುಡುಕಿಕೊಂಡು ಒಬ್ಬ ಪ್ರಿನ್ಸಿಪಾಲ್ ಏಕೆ ಹೋಗುತ್ತಾನೆ?

"ಆಮೇಲೆ ಸಿಕ್ಕಿತಾ ಆ ಲಕೋಟೆ?"

"ಹೋದ ವರ್ಷ ಮನೆ ಬದಲಾಯಿಸುವಾಗ ಸಿಕ್ಕಿತು. ಒಡೆದು ನೋಡೋಕೆ ಧೈರ್ಯ ಸಾಲಲಿಲ್ಲ ಮೇಡಂ. ತಪ್ಪು ನೋಡಬೇಕು ಅಂತ ಮಕ್ಕಳಿಗೆ ಹೇಳ್ತೀನಿ, ನನ್ನದನ್ನ ಮಾತ್ರ..." ಅವಳು ಮಸಿಪುಡಿಯ ಡಬ್ಬಿಗಳ ಹಿಂದೆ ಕೈಹಾಕಿ ಕಂದು ಲಕೋಟೆ ತೆಗೆದಳು. "ನೀವು ನೋಡಿ. ನೀವು ಜಾಣರು, ಎಲ್ಲಿ ಜಾರಿದ್ದೆ ಅಂತ ಹೇಳಿ. ಇವತ್ತು ಕೇಳಿಸಿಕೊಳ್ಳೋ ಧೈರ್ಯ ಇದೆ."

ಮೇಡಂ ಲಕೋಟೆ ಒಡೆದರು. ಹದಿನಾರು ಪುಟ. ಮುಖಪುಟದ ಚೌಕದಲ್ಲಿ 29. ಒಳಗೆ ತಿರುವಿದರು. ಮೊದಲ ಪುಟಕ್ಕೆ ಹನ್ನೆರಡಕ್ಕೆ ಹನ್ನೆರಡು. ಎರಡನೆಯದಕ್ಕೂ ಪೂರ್ತಿ ಅಂಕ. ಬೆರಳು ಮಡಚುತ್ತ, ತುಟಿ ಆಡಿಸುತ್ತ ಕೊನೆಯ ಪುಟಕ್ಕೆ ಬಂದರು. ನಂಬದೆ ಇನ್ನೊಮ್ಮೆ ಕೂಡಿದರು.

ತೊಂಬತ್ತೆರಡು.

"ನೀನು ಎಲ್ಲೂ ಜಾರಿಲ್ಲ ಮಗಳೇ," ಎಂದರು. "ಒಳಗೆ ತೊಂಬತ್ತೆರಡು ಇದೆ. ಮುಖಪುಟಕ್ಕೆ ಬರೋವಾಗ ಯಾರೋ ಅಂಕಿ ಅದಲುಬದಲು ಮಾಡಿದ್ದಾರೆ."

ಜೆರಾಕ್ಸ್ ಅಕ್ಕ ಯಂತ್ರಕ್ಕೆ ಒರಗಿದಳು. ಅವಳ ಬಾಯಿಂದ ಬಂದ ಮಾತು ಒಂದೇ. "ಅಂದರೆ ನನಗೆ ಬರ್ತಿತ್ತು."

"ಬರ್ತಿತ್ತು."

"ಅಮ್ಮನಿಗೆ ಹೇಳಬೇಕು. ಇವತ್ತೇ ಹೇಳ್ತೀನಿ." ಅವಳ ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತಿತ್ತು, ಆದರೆ ಅವಳು ನಗುತ್ತಿದ್ದಳು. ಒರೆಸಿಕೊಂಡಲ್ಲೆಲ್ಲ ಮಸಿ ಹತ್ತಿತು. "ನೀವು ಇವತ್ತು ಬರದೇ ಇದ್ದಿದ್ದರೆ ನನಗೆ ಗೊತ್ತಾಗ್ತಾನೇ ಇರಲಿಲ್ಲ. ನಿಮ್ಮ ಉಪಕಾರ ಹೇಗೆ ಮರೀಲಿ ಮೇಡಂ?"

ಮೇಡಂ ಕಣ್ಣು ಮುಖಪುಟದ ಕೆಳಗಿನ ಸಹಿಯ ಮೇಲೆ ನಿಂತಿತ್ತು. ಮೌಲ್ಯಮಾಪಕರ ಸಹಿ.

ಅದು ಅವರದೇ ಸಹಿ.

ಒಂದು ಕ್ಷಣ ಆ ಓರೆ ಸೂರು ಪೂರ್ತಿ ತಲೆಯ ಮೇಲೆ ಇಳಿದಂತಾಯಿತು. ಈ ಹುಡುಗಿಯ ಹನ್ನೊಂದು ವರ್ಷ ನುಂಗಿದ್ದು ನಾನೇನಾ? ಚೀಲದಿಂದ ಭೂತಗನ್ನಡಿ ತೆಗೆದು ಬಿಚ್ಚಿದರು. ಸಹಿಯ ಕೆಳಗಿನ ತಾರೀಕು ಓದಿದರು. ಮತ್ತೆ ಓದಿದರು.

ಆ ತಿಂಗಳು ಅವರು ಪೆನ್ನು ಹಿಡಿದೇ ಇರಲಿಲ್ಲ. ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಬಲಗೈ ಮುರಿದು, ಭುಜದವರೆಗೆ ಪ್ಲಾಸ್ಟರು. ಆರು ವಾರ ತಲೆ ಬಾಚಿದವಳು, ತುತ್ತು ತಿನ್ನಿಸಿದವಳು ಒಡಹುಟ್ಟಿದ ಅಕ್ಕ. ಅವಳೂ ಗಣಿತದ ಟೀಚರೇ. ಇಬ್ಬರಿಗೂ ಒಂದೇ ಹಲಗೆಯ ಮೇಲೆ ಅಪ್ಪ ಅಕ್ಷರ ತಿದ್ದಿಸಿದ್ದು, ಒಬ್ಬರ ಬರಹ ಇನ್ನೊಬ್ಬರದರಂತೆಯೇ ಇತ್ತು. ಮನೆಗೆ ಬಂದಿದ್ದ ಉತ್ತರಪತ್ರಿಕೆಗಳ ಬಂಡಲನ್ನು ಹೊತ್ತುಕೊಂಡು ಹೋಗಿ, 'ತಿದ್ದದೇ ವಾಪಸ್ ಕೊಟ್ಟು ಬಂದೆ, ನೀನು ನಿಶ್ಚಿಂತೆಯಿಂದಿರು' ಎಂದವಳು ಅವಳು. ಅಕ್ಕನ ಆ ಆರು ವಾರವನ್ನು ಮೇಡಂ ಇವತ್ತಿಗೂ ಕಂಡಕಂಡವರ ಬಳಿ ಹೇಳಿಕೊಂಡು ಹೊಗಳುತ್ತಿದ್ದರು.

ಅವರು ಪತ್ರಿಕೆಯನ್ನು ಯಂತ್ರದ ಗಾಜಿನ ಮೇಲಿಟ್ಟು, ಫೋನು ತೆಗೆದು ಅಕ್ಕನ ನಂಬರು ಒತ್ತಿದರು.

"ಏನೇ, ಊಟ ಆಯ್ತಾ?" ಅಕ್ಕನ ದನಿಯ ಹಿಂದೆ ನಲ್ಲಿ ನೀರಿನ ಸದ್ದು.

"ಅಕ್ಕಾ, ನನ್ನ ಕೈ ಮುರಿದಿತ್ತಲ್ಲ, ಆಗ ಬಂಡಲ್ ತಗೊಂಡು ಹೋದೆ. ತಿದ್ದದೇ ಕೊಟ್ಟೆಯಾ?"

ನೀರಿನ ಸದ್ದು ನಿಂತಿತು.

"ತೊಂಬತ್ತೆರಡು ಬಂದ ಪತ್ರಿಕೆ ತಾನೆ?" ಎಂದಳು ಅಕ್ಕ. ಮೇಡಂ ಅಂಕದ ಮಾತನ್ನೇ ಎತ್ತಿರಲಿಲ್ಲ. "ಅದು ಸಿಕ್ಕಿತಾ? ಎಲ್ಲಿದ್ದೀಯಾ ನೀನು?"

"ಶಾಲೇಲಿ. ಅಕ್ಕಾ, ಇಪ್ಪತ್ತೊಂಬತ್ತು ಬರೆದಿದ್ದು ನೀನಾ?"

"ತಿದ್ದಿ ನಿನ್ನ ಸಹಿ ಹಾಕಿದ್ದು ನಾನೇ. ಆ ಅಂಕಿ ಬರೆದಿದ್ದು ನಾನಲ್ಲ ಕಣೇ, ನಿನ್ನಾಣೆ ನಾನಲ್ಲ. ಎಲ್ಲ ಹೇಳ್ತೀನಿ, ಈಗಲೇ ಹೊರಟೆ. ಅಲ್ಲಿವರೆಗೆ ಆ ಹಾಳೆನ ಅಲ್ಲಿನ ಪ್ರಿನ್ಸಿಪಾಲ್ ಕೈಗೆ ಮಾತ್ರ ಕೊಡಬೇಡ, ಅಂಕಿ ತಿರುಗಿಸಿದ್ದು..."

ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಪ್ರಿನ್ಸಿಪಾಲರು ತಲೆ ತಗ್ಗಿಸಿ ಒಳಗೆ ಬಂದು ನಿಂತಿದ್ದರು.

"ಸಿಕ್ಕಿತಾ ಮೇಡಂ?" ಎಂದರು ನಗುತ್ತ. ಅವರ ದೃಷ್ಟಿ ಮೇಡಂ ಮೇಲಿರಲಿಲ್ಲ. ಗಾಜಿನ ಮೇಲಿದ್ದ ಹದಿನಾರು ಪುಟಗಳ ಮೇಲಿತ್ತು.

"ಸಿಕ್ಕಿತು ಸಾರ್!" ಜೆರಾಕ್ಸ್ ಅಕ್ಕ ಕಣ್ಣೊರೆಸಿಕೊಂಡು, ಮೇಡಂ ಕೈ ಚಾಚುವಷ್ಟರಲ್ಲೇ ಆ ಪತ್ರಿಕೆಯನ್ನು ಎತ್ತಿಕೊಂಡಳು. "ಹತ್ತು ವರ್ಷದ ಹಿಂದೆ ನೀವು ಕೇಳಿದ್ದಿರಲ್ಲ, ಇದೇ ಸಾರ್. ನಿಮ್ಮ ಕೈಗೇ ಮೊದಲು ಕೊಡಬೇಕು."

ಮತ್ತು ಎರಡೂ ಕೈಗಳಿಂದ, ತಲೆಬಾಗಿ, ಅದನ್ನು ಅವರ ಮುಂದೆ ಹಿಡಿದಳು.